ಧೊಪ್ಪಣ್ಣ ನೊಣವಾದದ್ದು

ಧೊಪ್ಪಣ್ಣನ ನಿಜವಾದ ಹೆಸರೇನು ಎಂದು ಕೇಳಿದರೆ ರಂಗಮಂದಿರದ ಅರ್ಧಕ್ಕರ್ಧ ಜನ ತಲೆ ಕೆರೆದುಕೊಳ್ಳುತ್ತಿದ್ದರು. ವೇದಿಕೆಯ ಮೇಲೆ ಬೀಳುವುದೇ ಅವನ ಕಸುಬು. ಮೆಟ್ಟಿಲಿನಿಂದ ಬೀಳುತ್ತಿದ್ದ, ಕುರ್ಚಿಯಿಂದ ಬೀಳುತ್ತಿದ್ದ, ಏನೂ ಸಿಗದಿದ್ದರೆ ಸಪಾಟು ನೆಲದ ಮೇಲೆ ತನ್ನ ನೆರಳನ್ನೇ ಎಡವಿ ಬೀಳುತ್ತಿದ್ದ. ಬಿದ್ದಾಗ ಆಗುವ ಸದ್ದಿನಿಂದಲೇ ಜನ ಅವನಿಗೆ ಆ ಹೆಸರಿಟ್ಟರು. ಅದು ಎಷ್ಟು ಅಂಟಿಕೊಂಡಿತೆಂದರೆ ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಅವನ ಮಗಳು ಅದೇ ರಂಗಮಂದಿರದಲ್ಲಿ ಸೆಟ್ಟು ಕಟ್ಟುವವಳು. ಸೊಂಟದ ಪಟ್ಟಿಯಲ್ಲಿ ಸದಾ ಸುತ್ತಿಗೆ ತೂಗಾಡುತ್ತಿದ್ದುದರಿಂದ ಅವಳಿಗೂ ಒಂದು ಹೆಸರು ಬಿತ್ತು, ಸುತ್ತಿಗೆ ಎಂದು. "ಅಪ್ಪ ಬೀಳೋದು, ಮಗಳು ಬಡಿಯೋದು, ನೆರೆಮನೆಯವರ ಗತಿ ಏನಪ್ಪಾ" ಎಂದು ಟಿಕೆಟ್ ಕೊಡುವವನು ತಮಾಷೆ ಮಾಡುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ. ಬೆಳಿಗ್ಗೆ ಒಟ್ಟಿಗೆ ಕೆಲಸಕ್ಕೆ ಹೊರಡುತ್ತಿದ್ದರು, ಸಂಜೆ ಒಟ್ಟಿಗೆ ಮರಳುತ್ತಿದ್ದರು, ದಾರಿಯುದ್ದಕ್ಕೂ ಒಂದಲ್ಲ ಒಂದು ವಿಷಯಕ್ಕೆ ಕಿತ್ತಾಡುತ್ತಿದ್ದರು.

ಆ ವರ್ಷ ಮಕ್ಕಳ ರಜೆಗೆಂದು ನಿರ್ದೇಶಕ ಒಂದು ನಾಟಕ ಬರೆದ. ಕತೆ ನಡೆಯುವುದು ಒಂದು ಜೌಗು ನೆಲದಲ್ಲಿ. ಇರುವೆಗಳು ಬೇಡ ಬೇಡವೆಂದರೂ ಕೇಳದೆ ಒಂದು ತುಂಟ ನೊಣ, ಹುಳ ತಿನ್ನುವ ಹೂಜಿ ಗಿಡದ ಬಾಯಿಗೆ ಇಳಿಯುತ್ತದೆ. ಧಡಾರೆಂದು ಮುಚ್ಚಳ ಮುಚ್ಚಿಕೊಳ್ಳುತ್ತದೆ. ಇರುವೆಗಳು ಹಗ್ಗ ಇಳಿಬಿಟ್ಟು ನೊಣವನ್ನು ಎಳೆದು ತರುತ್ತವೆ. ಎಲ್ಲರೂ ಕುಣಿಯುತ್ತಾರೆ, ಪರದೆ ಬೀಳುತ್ತದೆ. ನೊಣದ ಪಾತ್ರಕ್ಕೆ ಧೊಪ್ಪಣ್ಣನನ್ನು ಬಿಟ್ಟು ಇನ್ನೊಬ್ಬರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ನಾಟಕ ಓದಿದ ದಿನ ಧೊಪ್ಪಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. "ನೊಣ ಆಗ್ತೀನಿ. ಆದರೆ ಹೊರಗೆ ಬರಲ್ಲ" ಎಂದ.

"ಬರಲ್ಲ ಅಂದ್ರೆ?" ನಿರ್ದೇಶಕನಿಗೆ ಅರ್ಥವಾಗಲಿಲ್ಲ.

"ಅಂಥ ಗಿಡದೊಳಗೆ ಹೋದ ನೊಣ ಹಗ್ಗ ಹಿಡ್ಕೊಂಡು ಬರುತ್ತೇನಪ್ಪಾ? ಅಲ್ಲೇ ಸಾಯುತ್ತೆ. ನಾನೂ ಸಾಯ್ತೀನಿ."

"ಮಕ್ಕಳ ನಾಟಕ ಧೊಪ್ಪಣ್ಣ. ಕೈ ಹಿಡ್ಕೊಂಡು ಕರ್ಕೊಂಡು ಬಂದ ಮಕ್ಕಳನ್ನ ಅಳಿಸಿ ಕಳಿಸೋಕಾಗುತ್ತಾ?"

"ನೋಡು, ಇಷ್ಟು ವರ್ಷ ಬಿದ್ದಿದ್ದೀನಿ. ಬಾವಿಗೆ ಬಿದ್ದೆ, ಬೆಂಕಿಗೆ ಬಿದ್ದೆ, ಸಿಂಹದ ಬಾಯಿಗೂ ಬಿದ್ದೆ. ನಾಯಕ ಸತ್ತ, ಖಳನಾಯಕ ಸತ್ತ, ಒಂದು ನಾಟಕದಲ್ಲಿ ಕುದುರೆ ಕೂಡ ಸತ್ತು ಚಪ್ಪಾಳೆ ಗಿಟ್ಟಿಸಿಕೊಂಡಿತು. ನಾನೊಬ್ಬ ಮಾತ್ರ ಪ್ರತಿಸಲ ಮೈ ಕೊಡವಿಕೊಂಡು ಎದ್ದು ಬರಬೇಕು. ಒಂದೇ ಒಂದು ಸಲ ಸರಿಯಾಗಿ ಸಾಯೋಕೆ ಬಿಡಿ."

ಎಲ್ಲರೂ ನಕ್ಕರು. ಮಗಳು ನಗಲಿಲ್ಲ. ಅಪ್ಪ ತಮಾಷೆ ಮಾಡುವಾಗ ಅವನ ಎಡಹುಬ್ಬು ಒಂದಿಷ್ಟು ಮೇಲೇರುತ್ತದೆ. ಅದು ಆಗ ಇದ್ದಲ್ಲೇ ಇತ್ತು. ನಿರ್ದೇಶಕ ಜಾಣ, ಇಲ್ಲ ಎನ್ನುವ ಬದಲು, "ಮೊದಲು ಅಪ್ಪ ಮಗಳು ಹೋಗಿ ಆ ಗಿಡ ನೋಡ್ಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎಂದು ಕಳಿಸಿಕೊಟ್ಟ.

ಊರಿನ ಸಸ್ಯೋದ್ಯಾನದ ಮೂಲೆಯಲ್ಲಿ ಒಂದು ಗಾಜಿನ ಮನೆ. ಅದನ್ನು ನೋಡಿಕೊಳ್ಳುತ್ತಿದ್ದಾಕೆ ತೆಳ್ಳಗಿನ ಎತ್ತರದ ಹೆಂಗಸು. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ. "ಏನನ್ನೂ ಮುಟ್ಟಬೇಡಿ" ಎಂದು ಹೇಳಿಯೇ ಒಳಗೆ ಬಿಟ್ಟಳು. ನೀರು ನಿಂತ ಅಗಲವಾದ ತೊಟ್ಟಿಗಳಲ್ಲಿ ಹೂಜಿ ಗಿಡಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು. ಹಸಿರು ಕೊಳವೆಗಳು, ಅವುಗಳ ಮೇಲೆ ಕೆಂಪು ನರಗಳು, ತುದಿಯಲ್ಲಿ ಬಾಗಿದ ಮುಚ್ಚಳ.

"ಇದು ಹೂವಾ?" ಧೊಪ್ಪಣ್ಣ ಕೇಳಿದ.

"ಎಲೆ. ಈ ಗಿಡ ಬೆಳೆಯೋ ಜೌಗಿನಲ್ಲಿ ನೀರು ಬೇಕಾದಷ್ಟು, ಬಿಸಿಲು ಬೇಕಾದಷ್ಟು, ಮಣ್ಣಿನಲ್ಲಿ ಮಾತ್ರ ಸಾರವಿಲ್ಲ. ಬೇರು ಎಷ್ಟು ತಡಕಾಡಿದರೂ ಬರಿಗೈ. ಅದಕ್ಕೆ ಎಲೆಯನ್ನೇ ಹೂಜಿ ಮಾಡಿಕೊಂಡು ಹುಳ ಹಿಡಿಯುತ್ತೆ. ಹೂವು ಅಲ್ಲಿದೆ ನೋಡಿ." ಉದ್ದನೆಯ ದಂಟಿನ ತುದಿಯಲ್ಲಿ, ಕೊಳವೆಗಳಿಂದ ಸಾಕಷ್ಟು ಮೇಲೆ, ಒಂದು ಹಳದಿ ಹೂವು ತಲೆ ತಗ್ಗಿಸಿಕೊಂಡಿತ್ತು. "ಬೀಜ ಕಟ್ಟಬೇಕಾದರೆ ಜೇನ್ನೊಣ ಬರಬೇಕಲ್ಲ, ಅದನ್ನೂ ತಿಂದರೆ ವಂಶ ಮುಗಿದ ಹಾಗೆ. ಹೂವು ಬಾಯಿಯಿಂದ ದೂರ ಇರೋದು ಅದಕ್ಕೇ ಅಂತಾರೆ."

"ನೆಂಟರಿಗೆ ಒಂದು ಬಾಗಿಲು, ಊಟಕ್ಕೆ ಒಂದು ಬಾಗಿಲು" ಎಂದ ಧೊಪ್ಪಣ್ಣ. ಆಕೆಯ ತುಟಿಯಂಚಿನಲ್ಲಿ ನಗು ಹಾದುಹೋಯಿತು.

ಅಷ್ಟರಲ್ಲಿ ಎಲ್ಲಿಂದಲೋ ಒಂದು ನೊಣ ಬಂದು ಕೊಳವೆಯ ಅಂಚಿನ ಮೇಲೆ ಕೂತಿತು. ಅಂಚಿಗೆ ಸಿಹಿರಸ ಸವರಿದಂತಿತ್ತು. ನೊಣ ನೆಕ್ಕಿತು, ಎರಡು ಹೆಜ್ಜೆ ಇಟ್ಟಿತು, ಮತ್ತೆ ನೆಕ್ಕಿತು. ಮುಚ್ಚಳದ ಒಳಮೈಯಲ್ಲಿ ಇನ್ನೂ ಹೆಚ್ಚು ರಸವಿತ್ತೇನೋ, ಆ ಕಡೆ ಸರಿಯಿತು. ಸರಿಯುತ್ತಾ ಸರಿಯುತ್ತಾ ಕಾಲು ಜಾರಿತು. ಒಳಗಿನಿಂದ ಗುಂಯ್ ಎಂಬ ಸದ್ದು, ಖಾಲಿ ಡಬ್ಬಿಯಲ್ಲಿ ಕೂಡಿಹಾಕಿದ ಹಾಗೆ.

ಧೊಪ್ಪಣ್ಣ ಮಂಡಿಯೂರಿ ಕೂತ. "ಮುಚ್ಚಳ ಯಾವಾಗ ಮುಚ್ಚುತ್ತೆ?"

"ಮುಚ್ಚೋದೇ ಇಲ್ಲ. ಮಳೆ ನೀರು ತುಂಬದಿರಲಿ ಅಂತ ಇರೋ ಛತ್ರಿ ಅದು."

"ಹಾಗಾದರೆ ನೊಣ ಹಾರಿಕೊಂಡು ಬರಬಹುದಲ್ಲ."

"ಬರಬಹುದು. ಕೆಲವು ಬರ್ತವೆ ಕೂಡ." ಆಕೆ ಕೊಳವೆಯ ಬೆನ್ನಿನ ಕಡೆ ಬೆರಳು ತೋರಿಸಿದಳು. ಅಲ್ಲಿ ಹಸಿರಿಲ್ಲದ ಬಿಳಿ ಮಚ್ಚೆಗಳಿದ್ದವು. "ಒಳಗಿಂದ ನೋಡಿದರೆ ಇವು ಕಿಟಕಿಗಳ ಹಾಗೆ ಹೊಳೀತವೆ. ನಿಜವಾದ ಬಾಯಿಯ ಮೇಲೆ ಮುಚ್ಚಳದ ನೆರಳಿರುತ್ತೆ, ಕತ್ತಲೆ. ನೊಣ ಬೆಳಕಿನ ಕಡೆ ಹಾರುತ್ತೆ. ಹಾರಿ ಗೋಡೆಗೆ ಬಡಿದುಕೊಳ್ಳುತ್ತೆ. ಕೆಳಗೆ ಜಾರುತ್ತೆ. ಕೆಳಗಿನ ರೋಮಗಳೆಲ್ಲ ಕೆಳಮುಖ, ಇಳಿಯೋಕೆ ದಾರಿ, ಹತ್ತೋಕೆ ಮುಳ್ಳು. ತಳದಲ್ಲಿ ಒಂದಿಷ್ಟು ರಸ ಇರುತ್ತೆ. ಅದರಲ್ಲಿ ಕರಗಿದ್ದನ್ನ ಗಿಡ ನಿಧಾನಕ್ಕೆ ಹೀರಿಕೊಳ್ಳುತ್ತೆ. ಹಲ್ಲಿಲ್ಲ, ನಾಲಿಗೆ ಇಲ್ಲ, ಅವಸರವೂ ಇಲ್ಲ."

ಮಗಳು ಟೇಪು ಹಿಡಿದು ದೂರದಿಂದಲೇ ಕೊಳವೆಯ ಅಂದಾಜು ಅಳತೆ ತೆಗೆದುಕೊಂಡಳು, ಬಾಗನ್ನು ಕಾಗದದ ಮೇಲೆ ಗೀಚಿಕೊಂಡಳು. ಹೊರಡೋಣವೆಂದು ನೋಡಿದರೆ ಅಪ್ಪ ಇನ್ನೂ ಅಲ್ಲೇ ಮಂಡಿಯೂರಿ ಕಿವಿಗೊಟ್ಟು ಕೂತಿದ್ದ. ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಬಾಗಿಲು ಹಾಕುವ ಹೊತ್ತಾಯಿತೆಂದು ಆಕೆ ಹೇಳುವವರೆಗೂ ಅವನು ಏಳಲಿಲ್ಲ. ಎದ್ದಾಗ ಮೊಣಕಾಲು ಲಟಕ್ಕೆಂದಿತು.

ಮರುವಾರವೆಲ್ಲ ಸುತ್ತಿಗೆಗೆ ಸುತ್ತಿಗೆಯದೇ ಕೆಲಸ. ಪ್ಲೈವುಡ್ಡಿನ ಬಳೆಗಳನ್ನು ಕೊಯ್ದು ಬೆತ್ತದ ಪಟ್ಟಿಗಳಿಂದ ಜೋಡಿಸಿ, ಎರಡಾಳೆತ್ತರದ ಹೂಜಿಯೊಂದನ್ನು ನಿಲ್ಲಿಸಿದಳು. ಮೇಲೆ ದಪ್ಪ ಬಟ್ಟೆ ಹೊದಿಸಿ ಬಣ್ಣ ಹೊಡೆದಳು, ಪಕ್ಕದಲ್ಲಿ ಉದ್ದನೆಯ ದಂಟಿನ ತುದಿಗೆ ಬಟ್ಟೆಯ ಹಳದಿ ಹೂವು ಕಟ್ಟಿದಳು. ಪ್ರೇಕ್ಷಕರ ಕಡೆಗೆ ಮಾತ್ರ ತೆಳುಬಟ್ಟೆ, ಒಳಗೆ ದೀಪ ಹಾಕಿದರೆ ನೊಣದ ನೆರಳು ಕಾಣಲೆಂದು. ಬಿಳಿ ಮಚ್ಚೆಗಳಿಗೆ ಎಣ್ಣೆ ಸವರಿದ ಕಾಗದ. ಕೆಳಮುಖ ರೋಮಗಳಿಗೆ ಪ್ಲಾಸ್ಟಿಕ್ ಪೊರಕೆಯ ಕಡ್ಡಿಗಳು. ತಳದಲ್ಲಿ ಹಾಸಿಗೆ, ಬೆನ್ನಿನಲ್ಲಿ ಯಾರಿಗೂ ಕಾಣದ ಪುಟ್ಟ ಬಾಗಿಲು. ನಿರ್ದೇಶಕನಿಗೆ ಮುಚ್ಚಳ ಧಡಾರೆನ್ನಲೇಬೇಕಿತ್ತು. "ಗಿಡಕ್ಕೆ ಮುಚ್ಚೋಕೆ ಬರಲ್ಲ ಅಂತೀರಿ, ಸರಿ. ಆದರೆ ನಾಟಕಕ್ಕೆ ಬರಬೇಕು" ಎಂದ. ಹಾಗಾಗಿ ಕೀಲು, ರಾಟೆ, ಹಗ್ಗ. ಹಗ್ಗ ಎಳೆಯುವವಳು ಅವಳೇ. ಸಾಯುವುದೋ ಬಿಡುವುದೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ತಾಲೀಮಿಗೆ ಸದ್ಯ ಹಗ್ಗದ ಇರುವೆಗಳೇ ಇರಲಿ ಎಂದಾಯಿತು.

ವೇಷ ಹಾಕಿಕೊಂಡು ಮಾಡಿದ ಮೊದಲ ತಾಲೀಮಿನಲ್ಲಿ ಆಗಬಾರದ್ದು ಆಯಿತು. ಧೊಪ್ಪಣ್ಣನಿಗೆ ಕಪ್ಪು ಉಣ್ಣೆಯ ದಪ್ಪ ಅಂಗಿ, ಬೆನ್ನಿಗೆ ತಂತಿಯ ರೆಕ್ಕೆ. ಏಣಿ ಹತ್ತಿದ, ರಸ ನೆಕ್ಕಿದ, ಬಾಯಿ ಚಪ್ಪರಿಸಿದ, ಎಂದಿನ ಹಾಗೆ ಸೊಗಸಾಗಿ ಜಾರಿದ. ಮುಚ್ಚಳ ಧಡಾರೆಂದಿತು. ಇರುವೆಗಳು ಪಕ್ಕದ ಸಂದಿನಿಂದ ಹಗ್ಗ ಇಳಿಬಿಟ್ಟವು. ಒಳಗೆ ನೆರಳು ಕೈಕಾಲು ಬಡಿಯುತ್ತಿತ್ತು. "ಏಯ್, ತೆಗೀರೋ" ಎಂದಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಿರ್ದೇಶಕ ತೊಡೆ ತಟ್ಟಿಕೊಂಡು ನಕ್ಕ. ನೆರಳು ಅಲುಗಾಡುವುದು ನಿಂತಿತು. ನಗು ಇನ್ನೂ ಜೋರಾಯಿತು.

ಪ್ರತಿ ಸಲ ಬಿದ್ದ ಮೇಲೆ ಅಪ್ಪ ಸಣ್ಣಗೆ ಒಂದು ಸಲ ಕೆಮ್ಮುತ್ತಿದ್ದ. ಪ್ರೇಕ್ಷಕರಿಗೆ ಕೇಳಿಸದ, ಜೊತೆಯವರಿಗೆ ಮಾತ್ರ ಕೇಳಿಸುವ ಕೆಮ್ಮು. ನನಗೇನೂ ಆಗಿಲ್ಲ, ನಾಟಕ ಮುಂದುವರಿಸಿ ಎಂದು ಅದರ ಅರ್ಥ. ಮಗಳು ಹಗ್ಗ ಹಿಡಿದು ಆ ಕೆಮ್ಮಿಗಾಗಿ ಕಾದಳು. ಅದು ಬರಲಿಲ್ಲ. ಹಗ್ಗ ಬಿಟ್ಟು ಹಿಂದಕ್ಕೆ ಓಡಿದಳು. ಪುಟ್ಟ ಬಾಗಿಲು ಒಳಗಿನಿಂದ ಭಾರ ಬಿದ್ದು ಬಿಗಿದುಕೊಂಡಿತ್ತು. ಚಾಕುವಿನಿಂದ ಬಟ್ಟೆಯನ್ನು ಉದ್ದಕ್ಕೂ ಸೀಳಿದಳು. ಪೊರಕೆ ಕಡ್ಡಿಗಳು ಉಣ್ಣೆಯನ್ನೂ ರೆಕ್ಕೆಯನ್ನೂ ಕಚ್ಚಿ ಹಿಡಿದಿದ್ದವು. ಅಪ್ಪ ಎರಡೂ ಕೈ ಮೇಲೆತ್ತಿ ನಡುವೆ ಸಿಕ್ಕಿಕೊಂಡಿದ್ದ, ಮುಖದ ಮೇಲೆ ರೆಕ್ಕೆ ಮಡಚಿ ಕೂತಿತ್ತು. ಹೊರಗೆಳೆದು ಮಲಗಿಸಿದಾಗ ಅವನ ತುಟಿ ನೀಲಿಯಾಗಿತ್ತು. ಒಂದಷ್ಟು ಹೊತ್ತು ಬರೀ ಉಸಿರೆಳೆದುಕೊಂಡ.

"ನೊಣಕ್ಕೆ ಇಂಥ ಮಗಳು ಇರಲ್ಲ ಪಾಪ" ಎಂದ ಕೊನೆಗೆ. ಯಾರೂ ನಗಲಿಲ್ಲ.

ಆ ಸಂಜೆ ದಾರಿಯಲ್ಲಿ ಕಿತ್ತಾಟವಿರಲಿಲ್ಲ. ಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು, ಅಪ್ಪ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ನೊಣ ಬೇರೆಯವರು ಆಗಲಿ ಅಪ್ಪ" ಎಂದಳು ತಿರುಗಿ ನೋಡದೆ. "ಕಟ್ಟಿದವಳು ನಾನು. ತಪ್ಪು ನಂದೇ. ಆದರೆ ಅದರೊಳಗೆ ನೀನು ಮತ್ತೆ ಇಳಿಯೋದು ಬೇಡ. ಸಾಯೋ ಆಟ ಅಂತೂ ಬೇಡವೇ ಬೇಡ."

"ಸರಿ ಮಾಡು. ಅಗಲ ಮಾಡು, ಕಡ್ಡಿ ತೆಗಿ. ನಿನಗೆ ಬರದ ಕೆಲಸವಾ?"

"ನಿನಗ್ಯಾಕೆ ಇಷ್ಟು ಹಟ?"

ಅಪ್ಪ ಬಟ್ಟಲಿನ ಎಣ್ಣೆಯಲ್ಲಿ ಬೆರಳಾಡಿಸಿದ. "ನಿಮ್ಮಮ್ಮ ಹೋಗುವಾಗ ನಾನು ಔಷಧಿ ಅಂಗಡಿಯಲ್ಲಿದ್ದೆ. ಚಿಲ್ಲರೆ ಇಲ್ಲ ಅಂತ ಆ ಮನುಷ್ಯ ನಿಲ್ಲಿಸಿಕೊಂಡ. ನಾನು ಬರೋಷ್ಟರಲ್ಲಿ ನೀನು ಅವಳ ಕಣ್ಣು ಮುಚ್ಚಿದ್ದೆ. ನೀನು ನೋಡಿದೆ, ನಾನು ನೋಡಲಿಲ್ಲ. ಇವತ್ತಿಗೂ ಅದು ಹೇಗೆ ಆಯ್ತು ಅಂತ ನನಗೆ ಗೊತ್ತಿಲ್ಲ. ಅವತ್ತು ಆ ಗಾಜಿನ ಮನೆಯಲ್ಲಿ ಕೂತಾಗ ಅನ್ನಿಸಿತು, ಇದನ್ನ ಮಾಡಿ ನೋಡಿದರೆ ಸ್ವಲ್ಪ ಗೊತ್ತಾಗಬಹುದೇನೋ ಅಂತ. ಬೇರೆ ಥರ ಕಲಿಯೋಕೆ ನನಗೆ ಬರಲ್ಲ ಕಣೆ. ಎಲ್ಲಾನೂ ಮಾಡಿಯೇ ಕಲಿತವನು."

ಅವಳ ಕೈ ನಲ್ಲಿಯ ಕೆಳಗೆ ಹಾಗೇ ನಿಂತಿತು. "ನೀರು ಪೋಲಾಗ್ತಿದೆ ನೋಡು" ಎಂದ ಅಪ್ಪ.

ಮರುದಿನ ಒಬ್ಬಳೇ ಗಾಜಿನ ಮನೆಗೆ ಹೋದಳು. ಕಡ್ಡಿಗಳ ಓರೆ ಹೇಗಿರಬೇಕೆಂದು ನೋಡಬೇಕಿತ್ತು, ಅದೇ ನೆಪ. ಗಾಜಿನ ಮನೆ ನೋಡಿಕೊಳ್ಳುವಾಕೆ ಕಳೆದ ವರ್ಷದ ಒಣಗಿದ ಕೊಳವೆಯೊಂದನ್ನು ಕತ್ತರಿಯಿಂದ ಸೀಳಿ, ಒಳಗಿದ್ದುದನ್ನು ಹಳೆಯ ಪತ್ರಿಕೆಯ ಮೇಲೆ ಸುರಿದಳು. ರೆಕ್ಕೆಗಳು, ಕಾಲಿನ ಚೂರುಗಳು, ಹಸಿರಾಗಿ ಮಿನುಗುವ ಜೀರುಂಡೆಯ ಚಿಪ್ಪು. ಉಗುರಿನಿಂದ ಮುಟ್ಟಿದರೆ ಟೊಳ್ಳು.

"ಮೆತ್ತಗಿದ್ದದ್ದೆಲ್ಲ ಗಿಡಕ್ಕೆ ಹೋಯ್ತು" ಎಂದಳು ಆಕೆ. "ಶಾಲೆ ಮಕ್ಕಳು ಬರ್ತಾರೆ. ಮೊದಲು ಎಲ್ಲರೂ ನೊಣದ ಕಡೆ. ಆಮೇಲೆ ಮಣ್ಣಿನಲ್ಲಿ ಊಟ ಇಲ್ಲ ಅಂದರೆ ಗಿಡ ಪಾಪ ಅಂತಾರೆ. ಯಾರ ಕಡೆ ನಿಲ್ಲೋದು ಗೊತ್ತಾಗದೆ ನನ್ನ ಮುಖ ನೋಡ್ತಾರೆ."

"ನೀವೇನು ಹೇಳ್ತೀರಿ?"

"ಕೈ ತೊಳ್ಕೊಳ್ಳಿ ಅಂತೀನಿ."

ಅವಳು ಅಪ್ಪ ಕೂತ ಜಾಗದಲ್ಲೇ ಕೂತಳು. ಒಂದು ನೊಣ ಒಳಗಿತ್ತು. ಬೆಳಕಿಗೆ ಎದುರಾಗಿ ಅದರ ನೆರಳು ಎಲೆಯ ಗೋಡೆಯ ಮೇಲೆ ಕಾಣುತ್ತಿತ್ತು. ಹಾರಿತು, ಬಡಿದುಕೊಂಡಿತು, ಜಾರಿತು. ಆಮೇಲೆ ಹಾರುವುದು ಬಿಟ್ಟು ನಡೆಯಲು ನೋಡಿತು. ಆಮೇಲೆ ನಡೆಯುವುದನ್ನೂ ಬಿಟ್ಟು ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಾ ನಿಂತಿತು, ನೊಣಗಳು ಎಲ್ಲಿ ಬೇಕಾದರೂ ಮಾಡುವ ಹಾಗೆ. ಯಾವ ಕ್ಷಣದಲ್ಲಿ ಅದು ನಿಂತಿತೆಂದು ಅವಳಿಗೆ ತಿಳಿಯಲಿಲ್ಲ. ಕಣ್ಣು ಕೀಳದೆ ನೋಡುತ್ತಿದ್ದರೂ ತಿಳಿಯಲಿಲ್ಲ. ಅಮ್ಮನ ಪಕ್ಕದಲ್ಲಿ ಕೂತಾಗಲೂ ಹಾಗೇ ಆಗಿತ್ತು. ಮೇಲೆ ಕೊಳವೆಯ ಬಾಯಿ ತೆರೆದೇ ಇತ್ತು.

ರಂಗಮಂದಿರಕ್ಕೆ ಬಂದವಳೇ ಮುಚ್ಚಳದ ಕೀಲು ಕಿತ್ತಳು, ರಾಟೆ ಬಿಚ್ಚಿದಳು. ಕೊಳವೆಯನ್ನು ಅಗಲಿಸಿದಳು. ಪೊರಕೆ ಕಡ್ಡಿ ತೆಗೆದು ಅದೇ ಬಣ್ಣದ ಮೆತ್ತನೆಯ ನೂಲಿನ ಕುಚ್ಚು ಹೊಲಿದಳು. ಬೆನ್ನಿನ ಬಾಗಿಲನ್ನು ದೊಡ್ಡದು ಮಾಡಿ, ಬಾಗಿಲೇ ಇಲ್ಲದ ಹಾಗೆ ಬರೀ ಕಂಡಿ ಉಳಿಸಿದಳು.

ನಿರ್ದೇಶಕ ಬಂದು ನೋಡಿ, "ನನ್ನ ಧಡಾರ್ ಎಲ್ಲಿ?" ಎಂದ.

"ಮುಚ್ಚಿದರೆ ಅದು ಇಲಿಬೋನು ಆಗುತ್ತೆ ಸರ್" ಎಂದಳು. "ಅಪ್ಪ ಹೇಳಿದ ಹಾಗೇ ಮಾಡಲಿ. ಹಿಂದೆ ನಾನಿರ್ತೀನಿ."

ನಿರ್ದೇಶಕ ಅಪ್ಪನ ಮುಖ ನೋಡಿದ, ಮಗಳ ಮುಖ ನೋಡಿದ. "ಮೊದಲ ಪ್ರದರ್ಶನ ಮಾತ್ರ. ಇರುವೆಗಳು ಹಗ್ಗ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತವೆ. ಮಕ್ಕಳು ಗಲಾಟೆ ಮಾಡಿದರೋ, ಕೈ ಎತ್ತಿ ಇರುವೆಗಳನ್ನ ಬಿಟ್ಟುಬಿಡ್ತೀನಿ. ಆಮೇಲೆ ನನ್ನ ಕೇಳಬೇಡಿ."

ಪ್ರದರ್ಶನ ಬೆಳಗಿನ ಹೊತ್ತು. ಸಭಾಂಗಣ ಕಿಕ್ಕಿರಿದಿತ್ತು, ಕುರ್ಚಿಯಲ್ಲಿ ಕೂತ ಮಕ್ಕಳಿಗಿಂತ ಕುರ್ಚಿಯ ಮೇಲೆ ನಿಂತ ಮಕ್ಕಳೇ ಹೆಚ್ಚು. ನೊಣ ಬಂದ ಕೂಡಲೇ ನಗು ಶುರುವಾಯಿತು. ಇರುವೆಗಳ ಸಾಲಿಗೆ ಎಡವಿತು, ಕಪ್ಪೆಯ ಮೇಲೆ ಕೂತಿತು, ಹೂಜಿಯ ಅಂಚಿನಲ್ಲಿ ರಸ ನೆಕ್ಕಿ ನೆಕ್ಕಿ ಹೊಟ್ಟೆ ಸವರಿಕೊಂಡಿತು. ಜಾರಿದಾಗ ಸಭಾಂಗಣವೇ ಧೊಪ್ಪೆಂದಿತು.

ಒಳಗೆ ದೀಪ ಹತ್ತಿತು. ಮಗಳು ಹಿಂದಿನ ಕಂಡಿಯ ಹತ್ತಿರ ನೆಲದ ಮೇಲೆ ಕೂತಿದ್ದಳು. ಪ್ರೇಕ್ಷಕರಿಗೆ ನೆರಳು ಮಾತ್ರ, ಅವಳಿಗೆ ಅಪ್ಪನ ಮುಖ. ನೊಣ ಎಣ್ಣೆ ಕಾಗದದ ಕಿಟಕಿಗೆ ಹಾರಿ ಬಡಿದುಕೊಂಡಿತು. ಮಕ್ಕಳು ನಕ್ಕರು. ಇನ್ನೊಂದು ಕಿಟಕಿ. ಕೆಲವರು ನಕ್ಕರು. "ಮೇಲೆ ನೋಡು, ಮೇಲೆ!" ಎಂದು ಯಾರೋ ಕೂಗಿದರು. ನೊಣ ಮೇಲೆ ನೋಡಿತು, ಕತ್ತಲೆ ಕಂಡು ಮತ್ತೆ ಬೆಳಕಿಗೇ ತಿರುಗಿತು. ಆಮೇಲೆ ಯಾರೂ ನಗಲಿಲ್ಲ. ಅಪ್ಪ ತಳದಲ್ಲಿ ಕೂತು ಎರಡು ಕೈಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳತೊಡಗಿದ. ಅವಳು ಅದನ್ನು ಅವನಿಗೆ ಹೇಳಿರಲೇ ಇಲ್ಲ. ಅವತ್ತು ಮಂಡಿಯೂರಿ ಕೂತು ಅವನೂ ನೋಡಿದ್ದ. ಕೈಗಳು ನಿಧಾನವಾದವು. ಇನ್ನೂ ನಿಧಾನವಾದವು. ಒಂದು ಕೈ ಇನ್ನೊಂದರ ಮೇಲೆ ಉಳಿಯಿತು.

ಪಕ್ಕದ ಪರದೆಯ ಸಂದಿನಲ್ಲಿ ನಿರ್ದೇಶಕನ ಕೈ ಅರ್ಧ ಮೇಲೇರಿತ್ತು.

ಮುಂದಿನ ಸಾಲಿನಿಂದ ಒಂದು ಹುಡುಗಿಯ ದನಿ ಬಂತು. "ಈಗ ಗಿಡಕ್ಕೆ ಹೊಟ್ಟೆ ತುಂಬಿತಾ?"

ನಾಟಕದಲ್ಲಿ ಗಿಡಕ್ಕೆ ಮಾತಿರಲಿಲ್ಲ. ಹುಡುಗಿ ಬಿಡದೆ ಮತ್ತೆ ಕೇಳಿದಳು. ಸತ್ತಿದ್ದ ಅಪ್ಪ ಒಂದು ಕಣ್ಣು ತೆರೆದು ಮಗಳ ಕಡೆ ನೋಡಿ ಹುಬ್ಬು ಹಾರಿಸಿದ, ಹೇಳು ಎನ್ನುವ ಹಾಗೆ. ಹಲಗೆಗೆ ಮೊಳೆ ಹೊಡೆಯುವಷ್ಟು ಸಲೀಸಾಗಿ ನಾಲ್ಕು ಜನರೆದುರು ಮಾತಾಡಿದವಳಲ್ಲ ಅವಳು. ಕಂಡಿಗೆ ಬಾಯಿ ಹತ್ತಿರ ತಂದಳು.

"ಇನ್ನೂ ಇಲ್ಲ" ಎಂದಳು. ದನಿ ಕೊಳವೆಯಲ್ಲಿ ಸುತ್ತಿ ಬೇರೆ ಯಾರದೋ ಆಗಿ ಹೊರಗೆ ಹೋಯಿತು.

"ಇನ್ನೂ ಎಷ್ಟು ಬೇಕು?"

"ಹೂ ಬಿಡೋವಷ್ಟು."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ದನಿ, ಹಿಂದಿನ ಸಾಲಿನಿಂದ, ಅಳು ತಡೆದುಕೊಂಡದ್ದು. "ನೊಣಕ್ಕೆ ತುಂಬಾ ನೋವಾಯ್ತಾ?"

ಅವಳು ಅಪ್ಪನನ್ನು ನೋಡಿದಳು. ಅಪ್ಪ ಎರಡೂ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ. ಇಲ್ಲ ಎಂದುಬಿಡುವುದು ಸುಲಭವಿತ್ತು.

"ಗೊತ್ತಿಲ್ಲ" ಎಂದಳು. "ತುಂಬಾ ಸುಸ್ತಾಗಿತ್ತು. ಆಮೇಲೆ ಸುಮ್ಮನಾಯಿತು. ಯಾವಾಗ ಅಂತ ನನಗೇ ತಿಳೀಲಿಲ್ಲ. ನಾನು ಹತ್ತಿರಾನೇ ಇದ್ದೆ."

ಅಪ್ಪ ತಲೆಯಾಡಿಸಿ ಕಣ್ಣು ಮುಚ್ಚಿಕೊಂಡ. ದೀಪದವನು ಯಾರೂ ಹೇಳದೆಯೇ ಒಳಗಿನ ಬೆಳಕು ಇಳಿಸಿ ಮೇಲಿನ ಹೂವಿನ ಮೇಲೆ ಬೆಳಕು ಬಿಟ್ಟ. ನಿರ್ದೇಶಕನ ಕೈ ಕೆಳಗಿಳಿದಿತ್ತು. ಪರದೆ ಬಿತ್ತು.

ಎಲ್ಲರಿಗೂ ಹಿಡಿಸಿತೆಂದಲ್ಲ. ಒಬ್ಬ ತಾಯಿ ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದು ಟಿಕೆಟ್ ಕೊಡುವವನಿಗೆ ಚೆನ್ನಾಗಿ ಬೈದು ಹೋದಳು. ಒಂದು ಶಾಲೆಯವರು ಬರುವುದಿಲ್ಲವೆಂದು ಫೋನು ಮಾಡಿದರು. ಆದರೆ ಮುಂದಿನ ಸಾಲಿನ ಆ ಹುಡುಗಿ ಅದೇ ವಾರ ಇನ್ನೊಂದು ಸಲ ಬಂದಳು, ಬರುವಾಗ ತಾತನನ್ನೂ ಎಳೆದುಕೊಂಡು ಬಂದಳು. ನಿರ್ದೇಶಕ ಇರುವೆಗಳ ಹಗ್ಗವನ್ನು ಸುತ್ತಿ ಉಗ್ರಾಣಕ್ಕೆ ಕಳಿಸಿ, ಕೊನೆಯಲ್ಲಿ ಮಕ್ಕಳು ಗಿಡವನ್ನು ಪ್ರಶ್ನೆ ಕೇಳಬಹುದು ಎಂದು ನಾಟಕಕ್ಕೆ ಸೇರಿಸಿದ. ಹಾಗೆ ಸುತ್ತಿಗೆ ಪಾತ್ರಧಾರಿಯಾದಳು.

ಅಂದಿನಿಂದ ದಾರಿಯ ಕಿತ್ತಾಟಕ್ಕೆ ಹೊಸ ವಿಷಯ ಸಿಕ್ಕಿತು. ಮಾತಿನ ಕೊನೆ ನುಂಗುತ್ತೀಯ ಎಂದು ಅಪ್ಪ, ಸತ್ತ ಮೇಲೂ ಕಾಲು ಅಲ್ಲಾಡಿಸುತ್ತೀಯ ಎಂದು ಮಗಳು. ಮೊದಲ ಪ್ರದರ್ಶನ ಮುಗಿಸಿ ಬರುವಾಗ ಮಾತ್ರ ಅವನು ಬೇರೆಯೇ ಮಾತು ತೆಗೆದಿದ್ದ. "ನಿಮ್ಮಮ್ಮನಿಗೂ ಹಾಗೇನಾ? ಯಾವಾಗ ಅಂತ ತಿಳೀಲಿಲ್ವಾ?" ಎಂದು ಕೇಳಿದ. ಅವಳು ಹೌದು ಎಂದಳು. ಅಮ್ಮನ ಕೈ ತನ್ನ ಕೈಯಲ್ಲಿತ್ತು, ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಅದರ ಸದ್ದು ಕೇಳುತ್ತಾ ಕೇಳುತ್ತಾ ಆಯಿತು, ಎಂದೂ ಹೇಳಿದಳು. ಬೀದಿ ದಾಟುವಾಗ ಅಪ್ಪ ಅವಳ ತೋಳು ಹಿಡಿದುಕೊಂಡ, ದಾಟಿದ ಮೇಲೂ ಬಿಡಲಿಲ್ಲ.

ರಜೆ ಮುಗಿಯುವ ಹೊತ್ತಿಗೆ ಅವಳ ದನಿ ಪಳಗಿತ್ತು. ಕೊನೆಯ ಪ್ರದರ್ಶನದಲ್ಲಿ ಒಬ್ಬ ಪುಟ್ಟ ಎದ್ದು ನಿಂತು, "ನೀನು ನೊಣ ಬಿಟ್ಟು ಬೇರೆ ಏನಾದರೂ ತಿನ್ನಬಾರದಾ?" ಎಂದು ಗಿಡವನ್ನು ಕೇಳಿದ. ಅವಳು ಯೋಚಿಸುತ್ತಿದ್ದಳು. ಅಷ್ಟರಲ್ಲಿ ತಳದಿಂದ ಸತ್ತ ನೊಣವೇ ತಡೆಯಲಾರದೆ, "ನಾನೂ ಅದನ್ನೇ ಹೇಳಿದೆ ಕಣಪ್ಪಾ" ಎಂದುಬಿಟ್ಟಿತು.

"ಸತ್ತವರು ಮಾತಾಡಬಾರದು" ಎಂದು ಪುಟ್ಟ ಗದರಿಸಿದ.

"ತಪ್ಪಾಯ್ತು" ಎಂದು ಧೊಪ್ಪಣ್ಣ ಮತ್ತೆ ಸತ್ತ.